ನಿನ್ನ ಮಳಗು

ಫೆಬ್ರವರಿ 9

ಮಳಗೂ,

ನಿನ್ನ ಕಾಗದ ಬಂತು. ಬಂತು ಅನ್ನೋದೂ ತಪ್ಪೇ. ನೀನು ಮುಟ್ಟಿದ ಕಾಗದ ಗೇಟಿನ ಆಫೀಸಿನಲ್ಲೇ ಉಳೀತು, ಇಲ್ಲಿಗೆ ಬಂದಿದ್ದು ಅದರ ನಕಲು. ರೋಗ ಅಂತ ನೀನಿರೋ ಊರಿಗೆ ಬೀಗ ಹಾಕಿದ ಮೇಲೆ ಒಳಗಿನ ಒಂದು ಚೂರು ಕಾಗದವೂ ಹೊರಗೆ ಬರಬಾರದು ಅಂತ ನಿಯಮವಂತೆ. ಆಗಲಿ, ನಿಯಮ ಮಾಡೋರಿಗೆ ನಮಗಿಂತ ಜಾಸ್ತಿ ಗೊತ್ತಿರುತ್ತೆ. ಆದರೆ ನಿನ್ನ ನೀಲಿ ಶಾಯಿ ಬೂದಿ ಬಣ್ಣಕ್ಕೆ ತಿರುಗಿದೆ. ಹಾಳೆ ಹಿಂದುಗಡೆ ಕೈಯಾಡಿಸಿದ್ರೆ ಪೆನ್ನು ಒತ್ತಿದ ಗುರುತು ಸಿಗಲ್ಲ. ಮೂವತ್ತೆರಡು ವರ್ಷ ಕರಡು ತಿದ್ದಿದವಳಿಗೆ ಇದೊಂದು ಕಿರಿಕಿರಿ.

ಕೆಳಗಿನ ಅಂಗಡಿ ಟೈಲರಮ್ಮ ಹೆಗಲ ಮೇಲಿಂದ ಇಣುಕಿ, "ಇದೇನಕ್ಕಾ, ಕೊನೇಲಿ 'ನಿನ್ನ ಮಲಗು' ಅಂತ ಬರೆದಿದಾಳೆ?" ಅಂತ ಕಿವಿಗೇ ಕೂಗಿದಳು. ಮಲಗು ಅಲ್ಲ ಮಾರಾಯ್ತಿ, ಮಳಗು. ಐದನೇ ವಯಸ್ಸಲ್ಲಿ 'ಮಗಳು' ಅಂತ ಬರೆಯೋಕೆ ಹೋಗಿ ಅಕ್ಷರ ಹಿಂದುಮುಂದಾಗಿದ್ದು, ಆಮೇಲೆ ಅದೇ ಸಹಿ ಆಯ್ತು ಅಂದೆ. "ನೀನು ತಿದ್ದಲಿಲ್ವಾ? ನನ್ನ ಅಂಗಡಿ ಬೋರ್ಡನ್ನೇ ಮೂರು ಸಲ ತಿದ್ದಿಸಿದೆಯಲ್ಲ!" ಅಂತ ಬಾಯಿ ಮೇಲೆ ಕೈಯಿಟ್ಟಳು. ಆ ಮೊದಲನೇ ಚೀಟಿ ಇನ್ನೂ ಪೆಟ್ಟಿಗೆಯಲ್ಲಿದೆ. ಪಕ್ಕದಲ್ಲಿ ಕೆಂಪು ಮಸೀಲಿ ನಾನೇ ಬರೆದದ್ದೂ ಇದೆ: 'ಇರಲಿ'. ತಪ್ಪಾದರೂ ತಿದ್ದಬೇಡಿ, ಇದ್ದ ಹಾಗೇ ಬಿಡಿ ಅನ್ನೋದಕ್ಕೆ ನಮ್ಮ ಪ್ರೆಸ್ಸಿನಲ್ಲಿ ಅಂಚಿನಲ್ಲಿ ಹಾಗೆ ಬರೀತೀವಿ. ನನ್ನ ಇಡೀ ನೌಕರಿಯಲ್ಲಿ ಹತ್ತು ಸಲ ಬರೆದಿದ್ರೆ ಹೆಚ್ಚು.

ಈಗ ವಿಷಯಕ್ಕೆ ಬರ್ತೀನಿ. ಪ್ರೆಸ್ಸಿನ ಯಜಮಾನರು ಮಕ್ಕಳ ಪುಸ್ತಕದ ಕರಡೊಂದನ್ನ ಮೇಜಿನ ಮೇಲೆ ಹಾಕಿದಾರೆ, ವೈರಸ್ಸಿನ ಬಗ್ಗೆ. ಮೊದಲನೇ ಸಾಲು: 'ವೈರಸ್ಸಿಗೆ ಜೀವ ಇದೆಯೆಂದೂ ಹೇಳಲಾಗದು, ಇಲ್ಲವೆಂದೂ ಹೇಳಲಾಗದು.' ಇದೇನು ಒಗಟಾ? ದೊಡ್ಡದಾಗಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೀನಿ. ಲೇಖಕರು ಕೈಗೆ ಸಿಕ್ತಿಲ್ಲ. ನೀನು ದಿನವಿಡೀ ಅದನ್ನೇ ಸೂಕ್ಷ್ಮದರ್ಶಕದಲ್ಲಿ ನೋಡ್ತಾ ಕೂತಿರೋಳು, ನೀನೇ ಹೇಳು. ಫೋನು ಮಾಡಬೇಡ, ಪ್ರೆಸ್ಸಿನ ಯಂತ್ರಗಳು ನನ್ನ ಕಿವಿ ತಿಂದು ಎಷ್ಟೋ ವರ್ಷ ಆಯ್ತು. ಬರಿ.

ನಿನ್ನ
ಕೆಂಪುಮಸಿ ಅಮ್ಮ


ಫೆಬ್ರವರಿ 16

ಕೆಂಪುಮಸಿ ಅಮ್ಮಂಗೆ,

ಪ್ರಶ್ನಾರ್ಥಕ ಚಿಹ್ನೆ ವಾಪಸ್ ತಗೋ. ಲೇಖಕರು ಬರೆದದ್ದು ಸರಿಯಾಗೇ ಇದೆ.

ನಿಮ್ಮ ಪ್ರೆಸ್ಸನ್ನೇ ತಗೋ. ಬೆಳಿಗ್ಗೆ ಅಚ್ಚಿನ ಮೊಳೆ ಜೋಡಿಸೋರ ಮೇಜಿನ ಮೇಲೆ ಒಂದು ಚೀಟಿ ಬಿದ್ದಿರುತ್ತೆ. ಲಕೋಟೆ ಯಜಮಾನರ ಲಕೋಟೆ ತರಾನೇ ಇದೆ, ಹಾಗಾಗಿ ಬಾಗಿಲಲ್ಲಿ ಯಾರೂ ತಡೆದಿಲ್ಲ. ಒಳಗೆ ಬರೆದಿರೋದು ಇಷ್ಟೇ: 'ಈ ಚೀಟಿಯನ್ನೂ ಈ ಲಕೋಟೆಯನ್ನೂ ಸಾವಿರ ಪ್ರತಿ ಮಾಡಿ, ಬೇರೆ ಪ್ರೆಸ್ಸುಗಳಿಗೆ ಹಂಚಿ.' ಜೋಡಿಸೋರು ಅರ್ಥ ಕೇಳಲ್ಲ, ಪಾಪ, ಬಂದಿದ್ದನ್ನ ಜೋಡಿಸ್ತಾರೆ. ಬೇರೆ ಕೆಲಸ ಎಲ್ಲಾ ನಿಂತುಹೋಗುತ್ತೆ. ಕಾಗದ ಮುಗಿಯುತ್ತೆ, ಕೊನೆಗೆ ಗೋಡೆ ಒಡೆದು ಚೀಟಿಗಳು ಬೀದಿಗೆ ಬರ್ತವೆ. ಆ ಚೀಟಿ ಉಸಿರಾಡಲ್ಲ, ಉಣ್ಣಲ್ಲ, ಬೆಳೆಯಲ್ಲ. ಓದೋರು ಸಿಗದಿದ್ರೆ ಅದು ಬರೀ ಧೂಳು. ಸಿಕ್ಕಿದ್ರೆ ಮಾತ್ರ ಜೀವ. ಈಗ ಹೇಳು, ಅದಕ್ಕೆ ಜೀವ ಇದೆಯಾ?

ನಮ್ಮ ಮೈಯೂ ಸುಮ್ಮನೆ ಕೂತಿರಲ್ಲ ಅನ್ನು. ವೈರಸ್ಸು ಹೊಕ್ಕು ಕೆಟ್ಟ ಜೀವಕೋಶ ಸಾಯೋಕೆ ಮುಂಚೆ ಅಕ್ಕಪಕ್ಕದೋರಿಗೆ ಕೂಗಿ ಹೇಳುತ್ತೆ, ಬಾಗಿಲು ಹಾಕ್ಕೊಳ್ಳಿ ಅಂತ. ಇನ್ನೊಂದು ಸಂಗತಿ ನಿನಗೆ ಖಂಡಿತ ಇಷ್ಟ ಆಗುತ್ತೆ. ಮೈಯಲ್ಲಿರೋ ಹೆಚ್ಚುಕಮ್ಮಿ ಎಲ್ಲಾ ಜೀವಕೋಶಗಳೂ ಒಳಗೆ ಏನು ತಯಾರಾಗ್ತಿದೆ ಅನ್ನೋದರ ಚೂರು ಚೂರು ತಂದು ಹೊರಬಾಗಿಲಿಗೆ ನೇತುಹಾಕ್ತವೆ. ಅದನ್ನ ಓದೋದಕ್ಕೇ ಅಂತ ರಕ್ತದಲ್ಲಿ ಕಾವಲಿನೋರು ಅಲೀತಿರ್ತಾರೆ. ಮನೆಯವರದ್ದಾದ್ರೆ ಮುಂದೆ ಹೋಗ್ತಾರೆ. ಒಂದು ಚೂರು ಪರಕೀಯ ಕಂಡರೆ ಆ ಮನೆ ಮುಗೀತು.

ಅವರಿಗೆ ಶಾಲೆಯೂ ಇದೆ, ಎದೆಮೂಳೆ ಹಿಂದೆ ಒಂದು ಪುಟ್ಟ ಗ್ರಂಥಿ. ಅಲ್ಲಿ ಓದೋಕೆ ಬರದವರು ಫೇಲು, ಮನೆಯವರನ್ನೇ ಕಂಡು ಕಳ್ಳ ಕಳ್ಳ ಅಂತ ಬೊಬ್ಬೆ ಹೊಡೆದವರೂ ಫೇಲು. ಫೇಲಾದವರನ್ನ ಅಲ್ಲೇ ಮುಗಿಸ್ತಾರೆ. ನೂರು ಜನ ಒಳಗೆ ಹೋದ್ರೆ ಹೊರಗೆ ಬರೋರು ನಾಲ್ಕೈದು ಮಂದಿ.

ಇಲ್ಲಿ ಬೀದಿಗಳು ಖಾಲಿ. ಸಿಗ್ನಲ್ ದೀಪಗಳು ಯಾರಿಗೂ ಇಲ್ಲದೆ ಕೆಂಪು ಹಸಿರು ಆಗ್ತಾ ಇರ್ತವೆ. ಬೆಳಿಗ್ಗೆ ಲ್ಯಾಬು, ಮಧ್ಯಾಹ್ನದ ಮೇಲೆ ಫಾರಂ ತುಂಬೋ ಕೆಲಸ. ಅದರ ಬಗ್ಗೆ ಬರೆಯಲ್ಲ.

ನಿನ್ನ ಮಳಗು


ಫೆಬ್ರವರಿ 25

ಮಳಗೂ,

ಆ ಕಾವಲಿನೋರು ನಮ್ಮ ಕಸುಬಿನೋರೇ ಬಿಡು. ಬಾಗಿಲು ಬಾಗಿಲಿಗೂ ಹೋಗಿ ಕರಡು ಓದೋರು! ಯಜಮಾನರಿಗೆ ಹೇಳಿದೆ. "ಅವರಿಗೂ ನಿಮ್ಮಷ್ಟೇ ಕೊಬ್ಬಾ?" ಅಂತ ಚೀಟಿಯಲ್ಲಿ ಬರೆದು ಕೊಟ್ಟರು.

ನಿನಗೆ ಗೊತ್ತಲ್ಲ, ಕೊನೇ ಸಲ ನೋಡುವಾಗ ನಾನು ಹಾಳೇನ ಹಿಂದಿನಿಂದ ಓದ್ತೀನಿ. ಕೊನೇ ಪದ, ಅದರ ಹಿಂದಿನ ಪದ, ಹಾಗೆ. ಅರ್ಥದ ಹಿಂದೆ ಹೋದ್ರೆ ಕಣ್ಣು ಮೋಸ ಹೋಗುತ್ತೆ, ಇರಬೇಕಾದ್ದನ್ನೇ ಓದಿಬಿಡುತ್ತೆ. ಅರ್ಥ ಇಲ್ಲದೆ ಓದಿದ್ರೆ ಮಾತ್ರ ತಪ್ಪು ಎದ್ದು ನಿಲ್ಲುತ್ತೆ. ನಿಮ್ಮೋರು ಹಿಂದಿನಿಂದ ಓದ್ತಾರಾ ಮುಂದಿನಿಂದಾನಾ? ಇನ್ನೊಂದು ಪ್ರಶ್ನೆ. ಪರೀಕ್ಷೆ ಪಾಸಾಗಿ ಹೊರಗೆ ಬಂದವರು ಒಂದಿನ ತಪ್ಪು ಓದಿದ್ರೆ ಏನು ಗತಿ? ಅವರನ್ನ ತಿದ್ದೋರು ಯಾರು? ಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ.

ಮೂರು ದಿನದಿಂದ ಸ್ವಲ್ಪ ಜ್ವರ, ಮೂಗು ಸೋರ್ತಿದೆ. ಗಾಬರಿ ಆಗಬೇಡ, ಪ್ರೆಸ್ಸಿನಲ್ಲಿ ಅರ್ಧಕ್ಕರ್ಧ ಜನ ಸೀನ್ತಿದಾರೆ. ನಿಮ್ಮೂರಿನ ರೋಗ ಅಲ್ವಂತೆ, ಪರೀಕ್ಷೆ ಮಾಡಿಸಿದೀನಿ. ಟೈಲರಮ್ಮ ಬಿಸಿನೀರಿನ ಚೀಲ ತಂದುಕೊಟ್ಟು, ಜೊತೆಗೆ ಒಂದು ಬುಟ್ಟಿ ಬೈಗುಳವನ್ನೂ ಕೊಟ್ಟು ಹೋದಳು. ಒಂದೇ ವಿಚಿತ್ರ. ಬಾಯಲ್ಲಿ ಯಾವಾಗಲೂ ಒದ್ದೆ ಕಬ್ಬಿಣದ ರುಚಿ.

ಕೆಂಪುಮಸಿ


ಮಾರ್ಚ್ 4

ಅಮ್ಮ,

ಎರಡೇ ನಿಮಿಷ ಇದೆ. ಜ್ವರ ಬರೋದು ವೈರಸ್ಸು ಮಾಡೋದಲ್ಲ, ಮೈಯೇ ಒಲೆ ಹೊತ್ತಿಸಿಕೊಳ್ಳೋದು, ಶತ್ರುಗೆ ಸೆಕೆ ಆಗಲಿ ಅಂತ. ಆದರೂ ಡಾಕ್ಟರಿಗೆ ತೋರಿಸು. ಕಬ್ಬಿಣದ ರುಚಿ ಅಂದೆಯಲ್ಲ, ಅದನ್ನೂ ಹೇಳು.

ಪಾಸಾದವರೂ ತಪ್ಪು ಓದ್ತಾರೆ. ಕೆಲವು ವೈರಸ್ಸಿನ ಚೂರು ನಮ್ಮದೇ ಯಾವುದೋ ಚೂರನ್ನ ಹೋಲುತ್ತೆ. ಕಳ್ಳ ಓಡಿಹೋದ ಮೇಲೂ, ಅವನ ಅಂಗಿಯಂಥದ್ದೇ ಅಂಗಿ ಹಾಕ್ಕೊಂಡ ಮನೆಯವರನ್ನ ಹಿಡಿದು ಹೊಡೀತಾನೇ ಇರ್ತಾರೆ. ಅಪರೂಪ ಅದು. ಊಟ ಸರಿಯಾಗಿ ಮಾಡು.

ನಿನ್ನ ಮಗಳು


ಮಾರ್ಚ್ 15

ಮಾನ್ಯರೇ,

ತಾವು ಮಾರ್ಚ್ ನಾಲ್ಕರಂದು ಬರೆದ ಪತ್ರ ತಲುಪಿತು. ಮೂರು ಸಲ ಮುಂದಿನಿಂದಲೂ ಏಳು ಸಲ ಹಿಂದಿನಿಂದಲೂ ಓದಿದ್ದೇನೆ. ಅಕ್ಷರಗಳು ನನ್ನ ಮಗಳ ಅಕ್ಷರಗಳಂತೆಯೇ ಇವೆ. ಸೊನ್ನೆಯನ್ನು ಆಕೆ ಮುಚ್ಚದೆ ಬಿಡುತ್ತಾಳೆ, ತಾವೂ ಮುಚ್ಚದೆ ಬಿಟ್ಟಿದ್ದೀರಿ. ಬಹಳ ಚೆನ್ನಾಗಿ ಕಲಿತಿದ್ದೀರಿ. ಆದರೆ ಕೊನೆಯ ಪದದಲ್ಲಿ ಸಿಕ್ಕಿಬಿದ್ದಿದ್ದೀರಿ. ಆಕೆಯ ಪತ್ರದ ಕೊನೆಯ ಪದದಲ್ಲಿ ಯಾವಾಗಲೂ ಒಂದು ತಪ್ಪು ಇರುತ್ತದೆ. ತಮ್ಮ ಪತ್ರದಲ್ಲಿ ಅದಿಲ್ಲ.

ನನ್ನ ಜ್ವರ ಬಿಟ್ಟಿದೆ. ತಲೆ ಸ್ಪಷ್ಟವಾಗಿದೆ. ಹಿಂದೆಂದೂ ಇಷ್ಟು ಸ್ಪಷ್ಟವಾಗಿರಲಿಲ್ಲ.

ತಾವು ಯಾರು? ನನ್ನ ಮಗಳು ಎಲ್ಲಿ?

ಇತಿ,
ಕರಡು ತಿದ್ದುವವಳು


ಮಾರ್ಚ್ 20

ಅಯ್ಯೋ ಅಮ್ಮ,

ನಿನ್ನ ಕಾಗದ ಓದಿ ಮೊದಲು ಜೋರಾಗಿ ನಕ್ಕೆ. 'ಮಾನ್ಯರೇ' ಅಂತೆ! ಆಮೇಲೆ ಇನ್ನೊಂದು ಸಲ ಓದಿದೆ, ನಗು ನಿಂತುಹೋಯ್ತು. ತಮಾಷೆ ತಾನೇ ಇದು? ಹೇಳಮ್ಮ.

ಅವತ್ತು ಕೈ ತಪ್ಪಿತು. ತಪ್ಪು ಮಾಡೋ ಕಡೆ ಸರಿಯಾಗಿ ಬರೆದುಬಿಟ್ಟೆ, ಅಷ್ಟೇ. ಸುಸ್ತಾಗಿತ್ತು. ತಗೋ, ಒಂದಕ್ಕೆ ಮೂರು ಹಾಕ್ತೀನಿ, ಬಡ್ಡಿ ಸಮೇತ. ಡಾಕ್ಟರು ಏನಂದ್ರು ಬರಿ. 'ನೀನು' ಅಂತ ಬರಿ, ದಮ್ಮಯ್ಯ.

ನಿನ್ನ ಮಳಗು, ನಿನ್ನ ಮಳಗು, ನಿನ್ನ ಮಳಗು


ಮಾರ್ಚ್ 29

ಮಾನ್ಯರೇ,

ಕೊನೆಯ ಪದದಲ್ಲಿ ತಪ್ಪು ಇರುತ್ತದೆ ಎಂದು ನಾನೇ ಬರೆದು ಕೆಟ್ಟೆ. ಆಕೆಯ ಮೂಲ ಪತ್ರಗಳೆಲ್ಲ ತಮ್ಮ ಗೇಟಿನ ಆಫೀಸಿನಲ್ಲೇ ಇವೆಯಲ್ಲ. ತೆಗೆದು ನೋಡಿದ್ದೀರಿ, ತಪ್ಪನ್ನು ಹುಡುಕಿದ್ದೀರಿ, ತೊಟ್ಟುಕೊಂಡಿದ್ದೀರಿ. ನಿಜವಾದ ಮಗಳು ಒಂದು ಸಲ ಬರೆಯುತ್ತಾಳೆ. ಮೂರು ಸಲ ಬರೆಯುವವರು ಬೇರೆಯವರು. ಪುಸ್ತಕದ ಇಪ್ಪತ್ತೆರಡನೇ ಪುಟದಲ್ಲಿ ಇದೆ: ಕೆಲವು ವೈರಸ್ಸುಗಳು ತಾವು ಹಾಳು ಮಾಡಿದ ಮನೆಯ ಗೋಡೆಯನ್ನೇ ಹರಿದು ಮೈಮೇಲೆ ಹೊದ್ದುಕೊಂಡು ಮುಂದಿನ ಮನೆಗೆ ಹೋಗುತ್ತವೆ.

ಇಲ್ಲಿಯೂ ಶುರುವಾಗಿದೆ. ಬಾಗಿಲಲ್ಲಿದ್ದ ನನ್ನ ಚಪ್ಪಲಿಯನ್ನು ಯಾರೋ ಬದಲಿಸಿದ್ದಾರೆ. ಅಳತೆ ಅದೇ, ಸವೆತವೂ ಅದೇ, ಎಡಗಾಲಿನ ಹೊಲಿಗೆ ಬಿಟ್ಟ ಜಾಗವೂ ಅದೇ, ಆದರೆ ನನ್ನದಲ್ಲ. ಕೆಳಗಿನ ಟೈಲರಮ್ಮನ ಜಾಗದಲ್ಲಿ ಆಕೆಯ ಹಾಗೆಯೇ ಬೈಯುವ ಇನ್ನೊಬ್ಬಳು ಕೂತಿದ್ದಾಳೆ. ಆಕೆ ತಂದಿಟ್ಟ ಹಾಲನ್ನು ನಾನು ಮುಟ್ಟುವುದಿಲ್ಲ. ಬೆಳಿಗ್ಗೆ ಕನ್ನಡಿಯಲ್ಲಿ ಯಾರೋ ನನ್ನ ಕನ್ನಡಕ ಹಾಕಿಕೊಂಡು ನಿಂತಿದ್ದಳು. ಜೋಡಿಸಿಟ್ಟ ಮೊಳೆಯ ತಿರುಗಿದ ಅಕ್ಷರವನ್ನು ಓದಿ ಅಭ್ಯಾಸವಿರುವ ನನಗೆ ತಿರುಗುಮುರುಗಾದದ್ದನ್ನು ಓದುವುದು ಕಷ್ಟವಲ್ಲ. ಓದಿದೆ. ಅವಳೂ ನಾನಲ್ಲ.

ನನ್ನ ಮಗಳ ಚೀಟಿಗಳನ್ನು ಒಂದು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಅವು ತಮಗೆ ಸಿಗುವುದಿಲ್ಲ. ಆಕೆಯನ್ನು ಏನು ಮಾಡಿದಿರಿ ಎಂದು ಒಂದು ಸಾಲು ಬರೆಯಿರಿ ಸಾಕು.

ಇತಿ,
ಕರಡು ತಿದ್ದುವವಳು


ಏಪ್ರಿಲ್ 1

ಮಗಾ,

ನಾನು ಕೆಳಗಿನ ಟೈಲರು. ನನ್ನ ಅಕ್ಷರ ಕಾಗೆ ಕಾಲು, ಸುಧಾರಿಸ್ಕೋ. ನಿಮ್ಮಮ್ಮನ ಸ್ಥಿತಿ ಸರಿ ಇಲ್ಲ. ಮುಚ್ಚಿಟ್ಟು ಹೇಳೋಕೆ ನನಗೆ ಬರಲ್ಲ.

ಆರು ದಿನದಿಂದ ನೀರು ಬಿಟ್ಟು ಏನೂ ಮುಟ್ಟಿಲ್ಲ, ಅದೂ ತಾನೇ ನಲ್ಲಿಯಿಂದ ಹಿಡಿದದ್ದು ಮಾತ್ರ. ನಿನ್ನ ಮಾರ್ಚ್ ನಾಲ್ಕನೇ ತಾರೀಖಿನ ಕಾಗದವನ್ನೂ ಆಮೇಲೆ ಬಂದದ್ದನ್ನೂ ರೂಮಿನ ಅಡ್ಡಕ್ಕೆ ಹಗ್ಗ ಕಟ್ಟಿ ನೇತುಹಾಕಿದಾಳೆ, ಒಂದೊಂದು ಅಕ್ಷರದ ಸುತ್ತಲೂ ಕೆಂಪು ಗೆರೆ. ಗೋಡೇಲಿದ್ದ ನಿನ್ನ ಫೋಟೋ ಮೇಲೂ ಗೆರೆ ಎಳೆದು ಪಕ್ಕದಲ್ಲಿ 'ಮೂಲದೊಡನೆ ಹೋಲಿಸಿ' ಅಂತ ಬರೆದಿದಾಳೆ. ನನ್ನನ್ನ ನೋಡಿದ್ರೆ ಬಹುವಚನ! ಹದಿನೆಂಟು ವರ್ಷ 'ಏನೇ ಕತ್ತರಿ' ಅಂತಿದ್ದೋಳು, 'ತಾವು ದಯವಿಟ್ಟು ಕೆಳಗೆ ಹೋಗಿ' ಅಂತಾಳೆ. ಬೈದಿದ್ರೆ ತಡ್ಕೋತಿದ್ದೆ ಕಣೇ, ಮರ್ಯಾದೆ ಕೊಟ್ಟಳು ನೋಡು, ಅಂಗಡಿಗೆ ಬಂದು ಅತ್ತೆ.

ಡಾಕ್ಟರನ್ನ ಮನೆಗೇ ಕರೆಸಿದೆ. ಅವರು ಹೇಳಿದ್ದನ್ನ ಹಾಗೇ ಬರೀತೀನಿ. ಆ ಸೀನು ತಂದ ವೈರಸ್ಸು ಯಾವತ್ತೋ ಹೋಯ್ತಂತೆ. ಅದನ್ನ ಓಡಿಸೋಕೆ ಎದ್ದ ಮೈಯ ಕಾವಲಿನೋರು ಮಾತ್ರ ನಿಂತಿಲ್ಲ, ಈಗ ಅವಳ ಮಿದುಳನ್ನೇ ಕಳ್ಳ ಅಂದ್ಕೊಂಡು ಕುಟ್ತಿದಾರಂತೆ. ಅದಕ್ಕೇ ಗುರುತು ಹಿಡಿಯೋ ಜಾಗ ಕೆಟ್ಟಿದೆ. ಮುಖ ಕಾಣುತ್ತೆ, ನಮ್ಮೋರು ಅನ್ನಿಸಲ್ಲ. ಔಷಧಿ ಇದೆ. ಐದು ದಿನ ಆಸ್ಪತ್ರೆಯಲ್ಲಿ ಸೂಜಿ ಮೂಲಕ ಕೊಡಬೇಕು, ಆ ಕಾವಲಿನೋರನ್ನ ಸಮಾಧಾನ ಮಾಡೋಕೆ. ಎರಡು ವಾರದೊಳಗೆ ಶುರುಮಾಡದಿದ್ರೆ ಹೋದದ್ದು ಬರಲ್ಲ, ಜೀವಕ್ಕೂ ಭರವಸೆ ಇಲ್ಲ ಅಂದ್ರು. ಒಂದು ಸಲ ಕರ್ಕೊಂಡು ಹೋದ್ವಿ. ಸೂಜಿ ಕಿತ್ತುಹಾಕಿ, ರಕ್ತ ಸುರಿಸ್ಕೊಂಡು ನಡ್ಕೊಂಡೇ ಮನೆಗೆ ಬಂದಳು.

ನೀನು ಬರೋ ಹಾಗಿಲ್ಲ ಅಂತ ಗೊತ್ತು, ನಿಮ್ಮೂರಿನ ಬೀಗ ತೆಗೆಯೋಕೆ ಇನ್ನೂ ಎಷ್ಟು ತಿಂಗಳೋ. ಅವಳು ಒಂದೇ ಮಾತು ಹೇಳೋದು. 'ಆ ಬರೆಯುವವರು ತಾನು ನನ್ನ ಮಗಳಲ್ಲ ಅಂತ ಒಪ್ಪಿಕೊಳ್ಳಲಿ, ಆಮೇಲೆ ಎಲ್ಲಿಗೆ ಬೇಕಾದರೂ ಬರುತ್ತೇನೆ.' ನನಗಂತೂ ಬಟ್ಟೆ ಹರಿದ್ರೆ ಹೊಲಿಯೋಕೆ ಗೊತ್ತು, ಇದಕ್ಕೆ ಎಲ್ಲಿ ಸೂಜಿ ಹಾಕಲಿ? ನೀನು ಓದಿದೋಳು. ಏನಾದರೂ ಮಾಡು, ಬೇಗ ಮಾಡು.

ಕತ್ತರಿ ಅತ್ತೆ


ಏಪ್ರಿಲ್ 5

ಮಾನ್ಯರೇ,

ತಮ್ಮ ಅನುಮಾನ ಸರಿ. ನಾನು ತಮ್ಮ ಮಗಳಲ್ಲ.

ಗೇಟಿನ ಆಫೀಸಿನಲ್ಲಿ ನಕಲು ಯಂತ್ರದ ಮುಂದೆ ಕೂರುವ ಗುಮಾಸ್ತೆ ನಾನು. ಮಾರ್ಚ್ ನಾಲ್ಕರಿಂದ ತಮಗೆ ಬಂದ ಪತ್ರಗಳನ್ನು ಬರೆದವಳು ನಾನೇ. ಅವರ ಅಕ್ಷರ ಪ್ರತಿದಿನ ನನ್ನ ಕೈ ಮೇಲೆ ಹಾದುಹೋಗುತ್ತಿದ್ದುದರಿಂದ ಕಲಿಯುವುದು ಕಷ್ಟವಾಗಲಿಲ್ಲ. ಮೋಸ ಮಾಡಬೇಕೆಂದು ಮಾಡಿದ್ದಲ್ಲ. ತಪ್ಪಾಯಿತು.

ತಮ್ಮ ಮಗಳಿಗೆ ಏನೂ ಆಗಿಲ್ಲ. ಆರೋಗ್ಯವಾಗಿದ್ದಾರೆ. ಅವರು ತಮಗೆ ಹೇಳದ ಒಂದು ವಿಷಯವನ್ನು ನಾನು ಹೇಳುತ್ತೇನೆ. ಮಧ್ಯಾಹ್ನದ ಮೇಲೆ ಅವರು ತುಂಬುವ ಫಾರಂಗಳು ಇಲ್ಲಿ ತೀರಿಕೊಂಡವರವು. ಸುದ್ದಿ ಯಾರಿಗೆ ಮುಟ್ಟಿಸಬೇಕು ಎಂದು ಒಂದು ಕಾಲಂ, ಅವರು ಸತ್ತವರಿಗೆ ಏನಾಗಬೇಕು ಎಂದು ಇನ್ನೊಂದು ಕಾಲಂ. ಮಾರ್ಚ್ ನಾಲ್ಕರಂದು ಅರವತ್ತೊಂದು ಫಾರಂ ಬಂದಿದ್ದವು. ಮಗ. ಹೆಂಡತಿ. ಮಗಳು. ಮಗಳು. ಮಗಳು. ಸರಿಯಾದ ಕಾಗುಣಿತದಲ್ಲೇ ಬರೆಯಬೇಕು, ಇಲ್ಲದಿದ್ದರೆ ಫಾರಂ ವಾಪಸ್ ಬರುತ್ತದೆ. ಅದು ಮುಗಿದ ಮೇಲೆ ಅಮ್ಮನಿಗೆ ಬರೆಯಲು ಕೂತರು. ಆ ಪದದ ಹತ್ತಿರ ಬಂದಾಗ ಅವರ ಕೈ ಅವರ ಮಾತು ಕೇಳಲಿಲ್ಲ. ಅದನ್ನು ನೋಡಿಯೇ ನಾನು ಪೆನ್ನು ತೆಗೆದುಕೊಂಡೆ.

ಈ ಊರಿನ ಬೀಗ ತೆಗೆದ ದಿನ ಅವರು ತಮ್ಮ ಬಾಗಿಲಿಗೆ ಬರುತ್ತಾರೆ. ಆ ದಿನ ಬಾಗಿಲು ತೆಗೆಯಲು ತಾವು ಇರಬೇಕು. ಅವರಿಗೆ ಬೇರೆ ಯಾರೂ ಇಲ್ಲ. ದಯವಿಟ್ಟು ತಾವು ಆಸ್ಪತ್ರೆಗೆ ಹೋಗಿ ಮಲಗಿ. ಐದು ದಿನ ಸೂಜಿಯನ್ನು ಕೀಳಬೇಡಿ. ಅವರ ಹೆಸರಿನಲ್ಲಿ ನಾನು ಇನ್ನು ಬರೆಯುವುದಿಲ್ಲ.

ಇತಿ,
ಗುಮಾಸ್ತೆ


ಮೇ 22

ಮಳಗೂ,

ಪೆನ್ನು ಇನ್ನೂ ಹತೋಟಿಗೆ ಬಂದಿಲ್ಲ, ಅಕ್ಷರ ನೋಡಿ ನಗಬೇಡ. ಹೋದ ವಾರ ಮನೆಗೆ ಬಂದೆ. ಇಪ್ಪತ್ತು ದಿನದ್ದು ನೆನಪೇ ಇಲ್ಲ. ಇರೋ ನೆನಪೂ ಬೇರೆಯವರ ಮನೆಯಲ್ಲಿ ನಡೆದ ಹಾಗಿದೆ.

ಒಂದೇ ಸಲ ಸರಿಹೋಗಲಿಲ್ಲ. ಮೊದಲು ಚಪ್ಪಲಿ ನನ್ನದಾಯ್ತು. ಆಸ್ಪತ್ರೆ ಮಂಚದ ಕೆಳಗೆ ಇಣುಕಿ ನೋಡ್ತೀನಿ, ಅಯ್ಯೋ, ನನ್ನ ಚಪ್ಪಲಿ! ಅಂತ ಅಳು ಬಂತು. ಚಪ್ಪಲಿ ನೋಡಿ ಅತ್ತವಳು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಎರಡು ದಿನ ಬಿಟ್ಟು ಟೈಲರಮ್ಮ ಬಂದು ನಿಂತಳು, 'ಏನೇ ಕತ್ತರಿ' ಅಂದೆ. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಕನ್ನಡಿಯವಳು ಕೊನೆಗೆ ಬಂದಳು, ಅವಳಿಗೆ ಸ್ವಲ್ಪ ಸೊಕ್ಕು.

ನಿನ್ನನ್ನ ನಾನು ಬಹುವಚನದಲ್ಲಿ ಕರೆದೆನಂತೆ. ಕ್ಷಮಿಸು ಅನ್ನೋ ಪದ ಸಣ್ಣದು. ಆದರೂ ಕ್ಷಮಿಸು, ಕಂದ.

ಆ ಗುಮಾಸ್ತೆ ಕಾಗದದ ವಿಷಯ ಹೇಳಬೇಕು. ಅದು ಬಂದ ದಿನ ಚೆನ್ನಾಗಿ ನೆನಪಿದೆ. ಓದಿ, ಗೆದ್ದೆ ಅಂತ ಕೂತೆ. ಗೆದ್ದ ಮೇಲೆ ಎದೆಯಲ್ಲಿ ಏನೂ ಇರಲಿಲ್ಲ, ಬಣಬಣ. ಅವಳು ಒಪ್ಪಿಕೊಂಡಾಯ್ತಲ್ಲ, ಇನ್ನು ಯಾರಿಗೋಸ್ಕರ ಆಸ್ಪತ್ರೆಗೆ ಹೋಗಲಿ, ಇಲ್ಲೇ ಹೀಗೇ ಕೂತುಬಿಡೋಣ ಅನ್ನಿಸ್ತು. ಸುಮ್ಮನೆ, ಅಭ್ಯಾಸಕ್ಕೆ, ಹಿಂದಿನಿಂದ ಓದಿದೆ. ಕೆಳಗಿನಿಂದ ಮೂರನೇ ಸಾಲಿನಲ್ಲಿ ಎದ್ದು ನಿಂತಿತು ನೋಡು: 'ಆಸ್ಪತ್ರೆಗೆ ಹೋಗಿ ಮಳಗಿ.' ಮಲಗಿ ಅಲ್ಲ. ಮಳಗಿ.

ಗುರುತು ಕದ್ದವರು ಅದನ್ನ ಸಹಿ ಹಾಕೋ ಜಾಗದಲ್ಲಿ, ಎಲ್ಲರಿಗೂ ಕಾಣೋ ಹಾಗೆ ಇಡ್ತಾರೆ. ಇದು ಮಾತಿನ ನಡುವೆ, ಯಾರೂ ನೋಡದ ಕಡೆ, ತನಗೇ ಗೊತ್ತಿಲ್ಲದೆ ಬಿದ್ದಿತ್ತು. ಅಂಥ ತಪ್ಪನ್ನ ಯಾರೂ ಕಲಿತು ಮಾಡೋಕೆ ಆಗಲ್ಲ. ಇದು ಇವಳೇ, ನನ್ನನ್ನ ಉಳಿಸೋಕೆ ತಾನು ಮಗಳೇ ಅಲ್ಲ ಅಂತ ಬರೆದುಕೊಟ್ಟಿದಾಳೆ ಅಂತ ಹೊಳೀತು. ಎದ್ದು ಆ ಬೇರೆಯವರ ಚಪ್ಪಲಿಯನ್ನೇ ಹಾಕ್ಕೊಂಡು ಕೆಳಗಿಳಿದು, ಆ ಬೇರೆ ಟೈಲರಮ್ಮಂಗೆ 'ನಡೀರಿ' ಅಂದೆ. ಅಷ್ಟೇ ನಡೆದದ್ದು. ಔಷಧಿ ನನ್ನನ್ನ ಉಳಿಸಿತು ನಿಜ. ಔಷಧಿಯ ಹತ್ತಿರ ಕರ್ಕೊಂಡು ಹೋದದ್ದು ನಿನ್ನ ಆ ಒಂದು ಅಕ್ಷರ.

ನಿನ್ನೆ ಪೆಟ್ಟಿಗೆ ತೆಗೆದು ಇನ್ನೊಂದು ಸಲ ನೋಡಿದೆ. ಹಾಗೇ ಇದೆ. ಬೇಕಂತಲೇ ಬರೆದೆಯಾ, ಕೈ ತಪ್ಪಿತಾ? ನಿಜ ಹೇಳು.

ನಿನ್ನ
ಕೆಂಪುಮಸಿ


ಜೂನ್ 2

ಕತ್ತರಿ ಅತ್ತೆ,

ಊರಿನ ಬೀಗ ತೆಗೆದ್ರು. ಗೇಟಿನ ಆಫೀಸಿನೋರು ಎಲ್ಲರ ಮೂಲ ಕಾಗದಗಳನ್ನೂ ಕಟ್ಟು ಕಟ್ಟಿ ವಾಪಸ್ ಕೊಟ್ರು. ನನ್ನ ಕಟ್ಟು ಈಗ ಮುಂದೆ ಇದೆ.

ಅಮ್ಮ 'ಮಳಗಿ' ಅನ್ನೋ ಪದದ ಬಗ್ಗೆ ಬರೆದಿದಾಳೆ. ಏಪ್ರಿಲ್ ಐದರ ಮೂಲ ಪ್ರತಿ ತೆಗೆದು ನೋಡಿದೆ. ಅಲ್ಲಿ 'ಮಲಗಿ' ಅಂತ ಸರಿಯಾಗೇ ಇದೆ, ಸ್ಪಷ್ಟವಾಗಿ. ಅವತ್ತು ಒಂದು ತಪ್ಪೂ ಇರಬಾರದು ಅಂತ ನಾಲ್ಕು ಸಲ ಓದಿ ಕಳಿಸಿದ್ದೆ. ತಪ್ಪು ಇದ್ರೆ ನಾನು ಸಿಕ್ಕಿಬೀಳ್ತೀನಿ, ಅಮ್ಮ ಹೋಗಿಬಿಡ್ತಾಳೆ ಅನ್ನೋ ಭಯ ಇತ್ತು.

ಅಮ್ಮ ಪ್ರೆಸ್ಸಿಗೆ ಹೋದಾಗ ಪೆಟ್ಟಿಗೆ ತೆಗೆದು ಆ ನಕಲು ನೋಡ್ತೀಯಾ? ಯಂತ್ರದ ಕಲೆಯೋ, ಮಡಿಕೆಯೋ, ಏನಾದರೂ ಇದೆಯಾ? ಅವಳಿಗೆ ಹೇಳಬೇಡ.

ಮಗು


ಜೂನ್ 5

ಮಗಾ,

ಪೆಟ್ಟಿಗೆಗೆ ಈಗ ಬೀಗ ಹಾಕಿಲ್ಲ, ತೆಗೆದು ನೋಡಿದೆ. ಕಿಟಕಿ ಹತ್ತಿರ ಹಿಡ್ಕೊಂಡು, ಸೂಜಿ ಕಣ್ಣಿಗೆ ದಾರ ಪೋಣಿಸೋ ಹಾಗೆ ಕಣ್ಣು ಕಿರಿದು ಮಾಡಿ ನೋಡಿದೆ. ಕಲೆ ಇಲ್ಲ, ಮಡಿಕೆ ಇಲ್ಲ. 'ಮಲಗಿ' ಅಂತಲೇ ಇದೆ. ಆ ಒಂದು ಅಕ್ಷರದ ಸುತ್ತ ಕೆಂಪು ಸುತ್ತು ಹಾಕಿದಾಳೆ, ಪಕ್ಕದ ಅಂಚಿನಲ್ಲಿ 'ಇರಲಿ' ಅಂತ ಬರೆದಿದಾಳೆ. ಇಲ್ಲದ ತಪ್ಪಿಗೆ.

ಆ ಕಾಯಿಲೆ, ಇರೋ ಮುಖವನ್ನೇ ಅಳಿಸಿಹಾಕ್ತಿತ್ತು, ಇಲ್ಲದ್ದನ್ನ ತಂದು ತೋರಿಸಿದ್ದು ಇದೊಂದೇ ಸಲ. ನಿನ್ನೆ ಸಂಜೆ ಅವಳಿಗೇ ಕೊಟ್ಟು, 'ಅಕ್ಕಾ, ಇಲ್ಲಿ ಏನು ಬರೆದಿದೆ ಓದು' ಅಂದೆ. ಬೆರಳಿಟ್ಟು ಓದಿದಳು. 'ಮಳಗಿ' ಅಂದಳು. ಈಗಲೂ ಅವಳಿಗೆ ಹಾಗೇ ಕಾಣುತ್ತೆ. ಡಾಕ್ಟರು ಮುಂದಿನ ತಿಂಗಳು ಇನ್ನೊಂದು ಸಲ ನೋಡಬೇಕು, ಪೂರ್ತಿ ಹೋಯ್ತು ಅಂತ ಈಗಲೇ ಹೇಳಲ್ಲ ಅಂದಿದಾರೆ. ಮಿಕ್ಕಿದ್ದಕ್ಕೆಲ್ಲ ನೆಟ್ಟಗಿದಾಳೆ. ನನ್ನ ಬೋರ್ಡಿನಲ್ಲಿ ಇನ್ನೊಂದು ತಪ್ಪು ಹುಡುಕಿದಾಳೆ, ಅದು ನಿಜವಾಗಲೂ ಇದೆ.

ಏನು ಹೇಳ್ತೀಯೋ ನಿನಗೆ ಬಿಟ್ಟದ್ದು. ಅಲ್ಲಿ ತಪ್ಪಿಲ್ಲ ಅಂತ ಗೊತ್ತಾದ್ರೆ, ಆ ಕಾಗದ ಯಾರು ಬರೆದ್ರು ಅಂತ ಅವಳು ಮತ್ತೆ ಶುರುಮಾಡ್ತಾಳೋ ಏನೋ. ನನಗೆ ಭಯ.

ಕತ್ತರಿ ಅತ್ತೆ


ಜೂನ್ 8

ಅಮ್ಮ,

ಹೌದು. ಆ 'ಮಳಗಿ' ನಾನೇ ಬರೆದದ್ದು. ಬೇಕಂತ ಅಲ್ಲ, ಕೈ ತಪ್ಪಿತು. ನಾಲ್ಕು ಸಲ ಓದಿದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಿನ್ನ ಕಣ್ಣಿಗೆ ಬಿತ್ತು. ಅದನ್ನ ತಿದ್ದಬೇಡ, ಪೆಟ್ಟಿಗೆಯಲ್ಲಿ ಆ ಮೊದಲನೇ ಚೀಟಿ ಜೊತೆಗೇ ಇಡು.

ಈ ಕಾಗದ ನಕಲಲ್ಲ. ಹಿಂದುಗಡೆ ಕೈಯಾಡಿಸಿ ನೋಡು, ಪೆನ್ನು ಒತ್ತಿದ ಗುರುತು ಸಿಗುತ್ತೆ.

ಗುರುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಬರ್ತೀನಿ. ತೂಕ ಇಳಿದಿದೆ, ಕೂದಲು ಕತ್ತರಿಸಿದಾರೆ, ಮುಖವಾಡದ ಪಟ್ಟಿ ಒತ್ತಿ ಒತ್ತಿ ಕೆನ್ನೆ ಮೇಲೆ ಎರಡು ಗೆರೆ ಉಳಿದಿದೆ. ನಿನಗೆ ಗೊತ್ತಿರೋ ಮುಖ ಪೂರ್ತಿ ಇಲ್ಲ. ಅವಸರ ಮಾಡಬೇಡ. ಬಾಗಿಲು ತೆಗೆದು ಎಷ್ಟು ಹೊತ್ತು ಬೇಕಾದರೂ ನೋಡು, ಬೇಕಾದರೆ ಕಾಲಿನಿಂದ ತಲೆವರೆಗೂ ಹಿಂದಿನಿಂದ ಓದು. ಮುಗಿಯೋ ತನಕ ನಾನು ಹೊಸ್ತಿಲಲ್ಲೇ ನಿಂತಿರ್ತೀನಿ.

ನಿನ್ನ ಮಳಗು